ಬೀಗ ಹಾಕಿದ ಫ್ಲ್ಯಾಟುಗಳ ಹಿಂದಿನ ಚರಿತ್ರೆ

ಕೊಲ್ಲಿ ರಾಷ್ಟ್ರಗಳಲ್ಲಿ ಹತ್ತಿಪ್ಪತ್ತು ವರ್ಷ ದುಡಿದ ನಮ್ಮ ಕರಾವಳಿಯ ಅನೇಕರು ಉಳಿಸಿದ ಹಣದಲ್ಲಿ ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಒಂದು ಫ್ಲ್ಯಾಟು ಕೊಳ್ಳುತ್ತಾರೆ. ಬಾಡಿಗೆ ಬರಲಿ, ಮುಪ್ಪಿನಲ್ಲಿ ಆಸರೆಯಾಗಲಿ ಎಂದೇ ಕೊಂಡಿರುತ್ತಾರೆ. ಆದರೆ ಬೀಗದ ಕೈಯನ್ನು ಅಪರಿಚಿತನೊಬ್ಬನಿಗೆ ಒಪ್ಪಿಸುವ ದಿನ ಬಂದಾಗ ಮನಸ್ಸು ಹಿಂಜರಿಯುತ್ತದೆ. ನೆಂಟರಿಷ್ಟರೂ ಎಚ್ಚರಿಸುತ್ತಾರೆ. ‘ಒಮ್ಮೆ ಒಳಗೆ ಬಂದವನು ಬಿಟ್ಟು ಹೋಗುವುದಿಲ್ಲ’, ‘ಹನ್ನೆರಡು ವರ್ಷ ಕೂತರೆ ಮನೆ ಅವನದ್ದೇ’ ಎಂಬ ಮಾತುಗಳು ಕೇಳಿ ಬರುತ್ತವೆ. ಎಷ್ಟೋ ಮಂದಿ ಕೊನೆಗೆ ಬೀಗ ಹಾಕಿಯೇ ವಿಮಾನ ಹತ್ತುತ್ತಾರೆ.

ಈ ಮಾತುಗಳಲ್ಲಿ ಎರಡನೆಯದು ಸುಳ್ಳು. ಬಾಡಿಗೆಯ ಕರಾರಿನ ಮೇಲೆ ಒಳಗೆ ಬಂದವನು ಎಷ್ಟು ವರ್ಷ ಕೂತರೂ ಬಾಡಿಗೆದಾರನೇ. ಆದರೆ ಮೊದಲನೆಯದನ್ನು ಹಾಗೆ ತಳ್ಳಿಹಾಕಲಾಗದು. ಅದು ಒಂದು ಕಾಲಕ್ಕೆ ನಿಜವಾಗಿತ್ತು. ಈ ಭಯಕ್ಕೂ ಒಂದು ಹುಟ್ಟೂರು ಇದೆ, ಅದು ಮುಂಬಯಿ.

ಮೊದಲ ಮಹಾಯುದ್ಧದ ವೇಳೆ ಮುಂಬಯಿಯ ಗಿರಣಿಗಳೂ ಬಂದರೂ ಹಗಲಿರುಳು ದುಡಿಯುತ್ತಿದ್ದವು. ಜನ ಬಂದು ತುಂಬಿದರು, ಮನೆಗಳು ಹೆಚ್ಚಲಿಲ್ಲ. ಮಾಲಿಕರು ಮನಸ್ಸಿಗೆ ಬಂದಂತೆ ಬಾಡಿಗೆ ಏರಿಸತೊಡಗಿದಾಗ 1918ರಲ್ಲಿ ಸರಕಾರ ಯುದ್ಧಕಾಲದ ಬಾಡಿಗೆ ನಿಯಂತ್ರಣ ಕಾಯ್ದೆಯೊಂದನ್ನು ತಂದಿತು. ಅದು ತಾತ್ಕಾಲಿಕವಾಗಿತ್ತು, ಮುಗಿದೂ ಹೋಯಿತು. ಎರಡನೆಯ ಯುದ್ಧ ಬಂದಾಗ ಮತ್ತೆ ನಿಯಂತ್ರಣ ಬಂತು. ಯುದ್ಧ ಮುಗಿಯುತ್ತಲೇ ದೇಶ ವಿಭಜನೆಯಾಗಿ ಸಿಂಧ್‌ನಿಂದ ನಿರಾಶ್ರಿತರು ಮುಂಬಯಿಗೆ ಬಂದಿಳಿದರು. ಆ ಹೊತ್ತಿನಲ್ಲಿ ಬಂದದ್ದು 1947ರ ಬಾಂಬೆ ಬಾಡಿಗೆ ಕಾಯ್ದೆ. 1940ರ ಸೆಪ್ಟೆಂಬರ್ 1ರಂದು ಒಂದು ಮನೆಗೆ ಎಷ್ಟು ಬಾಡಿಗೆ ಇತ್ತೋ ಅದೇ ಅದರ ‘ಸ್ಟ್ಯಾಂಡರ್ಡ್ ಬಾಡಿಗೆ’ ಎಂದು ಅದು ಗೊತ್ತುಮಾಡಿತು. ಬಾಡಿಗೆ ಕಟ್ಟುತ್ತಿರುವವನನ್ನು ಕಾಯ್ದೆ ಹೇಳಿದ ಕಾರಣಗಳಿಲ್ಲದೆ ಎಬ್ಬಿಸುವಂತಿಲ್ಲ ಎಂದಿತು. ಬೀದಿಗೆ ಬೀಳಲಿದ್ದ ಲಕ್ಷಾಂತರ ಬಡಕುಟುಂಬಗಳನ್ನು ಅದು ಕಾಪಾಡಿತು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆ ದಿನಗಳಲ್ಲಿ ಅದು ನ್ಯಾಯವೇ ಆಗಿತ್ತು.

ತೊಂದರೆ ಬಂದದ್ದು ಅದು ಮುಗಿಯದೇ ಉಳಿದದ್ದರಿಂದ. ಈ ಕಾಯ್ದೆಯೂ ತಾತ್ಕಾಲಿಕವೇ. ಆದರೆ ಅವಧಿ ಮುಗಿಯುವ ಹೊತ್ತಿಗೆ ಮತ್ತೆ ಮತ್ತೆ ಮುಂದುವರಿಸುತ್ತಾ ಐವತ್ತು ವರ್ಷ ದೂಡಲಾಯಿತು. ಅಕ್ಕಿಯ ಬೆಲೆ ಏರಿತು, ಸಂಬಳ ಏರಿತು, ಕಾರ್ಪೊರೇಶನ್ ತೆರಿಗೆ ಏರಿತು. ಬಾಡಿಗೆ ಮಾತ್ರ 1940ರಲ್ಲೇ ನಿಂತಿತು. ಮತದಾರರಲ್ಲಿ ಮಾಲಿಕರಿಗಿಂತ ಬಾಡಿಗೆದಾರರೇ ಹೆಚ್ಚು ಎಂಬ ಲೆಕ್ಕ ಯಾವ ಪಕ್ಷಕ್ಕೆ ತಾನೇ ಗೊತ್ತಿಲ್ಲ?

ಕಾಯ್ದೆ ಒಂದು ಬಾಗಿಲು ಮುಚ್ಚಿದಾಗ ಜನ ಇನ್ನೊಂದನ್ನು ಕೊರೆಯುತ್ತಾರೆ. ಹಾಗೆ ಬಂದದ್ದು ಪಗಡಿ. ಹೊಸ ಬಾಡಿಗೆದಾರ ಒಳಗೆ ಬರಲು ದೊಡ್ಡ ಮೊತ್ತವನ್ನು ರಸೀದಿಯಿಲ್ಲದೆ ಕೊಡುವುದು, ಬಿಟ್ಟು ಹೋಗುವಾಗ ಮುಂದಿನವನಿಂದ ಅದಕ್ಕಿಂತ ಹೆಚ್ಚು ವಸೂಲು ಮಾಡುವುದು, ಅದರಲ್ಲಿ ಮಾಲಿಕನಿಗೊಂದು ಪಾಲು. ಕಾಯ್ದೆಯ ಕಣ್ಣಿಗೆ ಅಪರಾಧ, ಊರಿಗೆಲ್ಲ ಪದ್ಧತಿ.

ಇನ್ನೊಂದು ದಾರಿ ‘ಲೀವ್ ಅಂಡ್ ಲೈಸೆನ್ಸ್’. ‘ಈತ ನನ್ನ ಬಾಡಿಗೆದಾರನಲ್ಲ, ನನ್ನ ಅನುಮತಿಯಿಂದ ಇಷ್ಟು ತಿಂಗಳು ಇಲ್ಲಿ ಇರುವವನು’ ಎಂದು ಬರೆಯಿಸಿಕೊಳ್ಳುವ ಕರಾರು ಇದು. ಬಾಡಿಗೆದಾರನಲ್ಲದವನಿಗೆ ಬಾಡಿಗೆ ಕಾಯ್ದೆಯ ರಕ್ಷಣೆ ಎಲ್ಲಿಂದ ಬರಬೇಕು? ಸಣ್ಣ ಮಾಲಿಕರು, ವರ್ಗವಾಗಿ ಬೇರೆ ಊರಿಗೆ ಹೋದ ನೌಕರರು ಇದನ್ನೇ ನಂಬಿ ಮನೆ ಕೊಟ್ಟರು. ಆದರೆ 1973ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಆ ವರ್ಷದ ಫೆಬ್ರವರಿ 1ರಂದು ಚಾಲ್ತಿಯಲ್ಲಿದ್ದ ಲೈಸೆನ್ಸ್‌ನ ಮೇಲೆ ಯಾರು ಒಳಗಿದ್ದರೋ ಅವರನ್ನೆಲ್ಲ ಬಾಡಿಗೆದಾರರೆಂದೇ ತಿಳಿಯಬೇಕು ಎಂದು ಶಾಸನ ಹೇಳಿತು. ಹನ್ನೊಂದು ತಿಂಗಳಿಗೆಂದು ಬಂದವರು ಒಂದೇ ದಿನದಲ್ಲಿ ಎಬ್ಬಿಸಲಾಗದವರಾದರು. ಬಾಡಿಗೆ ಮನೆಯ ಚರಿತ್ರೆಯಲ್ಲಿ ಈ ದಿನಾಂಕಕ್ಕಿಂತ ದೊಡ್ಡದು ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಕಾಯ್ದೆ ಕಠಿಣವಾಗಿದ್ದರೆ ಜನ ಲೆಕ್ಕ ಹಾಕಿ ನಡೆಯುತ್ತಾರೆ; ಬರೆದ ಕರಾರನ್ನೇ ನಡುವಿನಲ್ಲಿ ಬದಲಾಯಿಸಿದರೆ ಕಾಗದದ ಮೇಲಿನ ನಂಬಿಕೆಯೇ ಹೋಗುತ್ತದೆ. ‘ಕೊಟ್ಟರೆ ಕೆಟ್ಟೆ’ ಎಂಬ ಮಾತು ಮನೆಮನೆಗೆ ಹಬ್ಬಿದ್ದಕ್ಕೆ ಇದರ ಪಾಲು ದೊಡ್ಡದು.

ಕಳೆದುಕೊಂಡವರು ಸೇಠ್‌ಗಳು ಮಾತ್ರವೇ? ಒಂದೇ ಚಾಳಿನ ಆದಾಯದಲ್ಲಿ ಬದುಕುತ್ತಿದ್ದ ವಿಧವೆಯರೂ ಇದ್ದರು, ಧರ್ಮಾರ್ಥ ಸಂಸ್ಥೆಗಳೂ ಇದ್ದವು. ವಕ್ಫ್ ಆಸ್ತಿಗಳ ಕತೆ ನಮಗೆಲ್ಲ ತಿಳಿದದ್ದೇ. 2006ರ ಸಾಚಾರ್ ಸಮಿತಿ ವರದಿಯ ಪ್ರಕಾರ ದೇಶದ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿಂದ ವರ್ಷಕ್ಕೆ ಬರುತ್ತಿದ್ದ ಆದಾಯ ಸುಮಾರು 163 ಕೋಟಿ ರೂಪಾಯಿ ಮಾತ್ರ. ಅತಿಕ್ರಮಣ, ಅಪ್ರಾಮಾಣಿಕತೆ ಎಲ್ಲವೂ ಇದಕ್ಕೆ ಕಾರಣ. ಆದರೆ ವಕ್ಫ್ ಆಸ್ತಿಗಳನ್ನು ರಾಜ್ಯಗಳ ಬಾಡಿಗೆ ಕಾಯ್ದೆಗಳಿಂದ ಹೊರಗಿಡಬೇಕೆಂದು ಸಮಿತಿ ಶಿಫಾರಸು ಮಾಡಿದ್ದನ್ನೂ ಮರೆಯಬಾರದು.

ಬಾಡಿಗೆಯಿಂದ ಸುಣ್ಣಬಣ್ಣದ ಖರ್ಚೂ ಹುಟ್ಟದಾದಾಗ ಮಾಲಿಕರು ದುರಸ್ತಿ ಕೈಬಿಟ್ಟರು. ಹಳೆಯ ಕಟ್ಟಡಗಳು ಕುಸಿಯತೊಡಗಿದ ಮೇಲೆ 1969ರಲ್ಲಿ ಸರಕಾರ ದುರಸ್ತಿ ಮಂಡಳಿ ಸ್ಥಾಪಿಸಿ ಅದಕ್ಕಾಗಿ ಸೆಸ್ ವಸೂಲು ಮಾಡತೊಡಗಿತು. ಆದರೂ ಮಳೆಗಾಲದಲ್ಲಿ ಕುಸಿತದ ಸುದ್ದಿ ನಿಂತಿಲ್ಲ. 2017ರ ಆಗಸ್ಟ್ 31ರಂದು ಭೇಂಡಿ ಬಜಾರ್ ಪ್ರದೇಶದ ಹುಸೈನಿ ಕಟ್ಟಡ ಬಿದ್ದು 33 ಮಂದಿ ಸತ್ತರು. ಅದು ನೂರು ವರ್ಷ ದಾಟಿದ ಕಟ್ಟಡ.

ಕೊನೆಗೆ ವಿಷಯ ಸುಪ್ರೀಂ ಕೋರ್ಟು ತಲುಪಿತು. ಆ ಮೊಕದ್ದಮೆಯ ಹೆಸರೇ ‘ಮಲ್ಪೆ ವಿಶ್ವನಾಥ ಆಚಾರ್ಯ ವಿರುದ್ಧ ಮಹಾರಾಷ್ಟ್ರ ಸರಕಾರ’. ಮಲ್ಪೆ ಎಂದಾಗ ಉಡುಪಿಯ ಬಂದರು ನೆನಪಾಗದೆ ಇರದು. ಬಾಡಿಗೆಯನ್ನು ಹೀಗೆ ಹೆಪ್ಪುಗಟ್ಟಿಸಿ ಇಡುವುದು ಕಾಲ ಕಳೆದಂತೆ ಅನ್ಯಾಯವೂ ಅಸಂಗತವೂ ಆಗಿದೆ ಎಂದು 1997ರ ಡಿಸೆಂಬರ್‌ನಲ್ಲಿ ಕೋರ್ಟು ಅಭಿಪ್ರಾಯಪಟ್ಟಿತು. ಕಾಯ್ದೆಯ ಅವಧಿ 1998ರ ಮಾರ್ಚ್‌ನಲ್ಲಿ ಮುಗಿಯಲಿದ್ದುದರಿಂದ ಅದನ್ನು ರದ್ದುಪಡಿಸಲಿಲ್ಲ. ಆ ಬಳಿಕ ಬಂದದ್ದು 2000ದ ಮಾರ್ಚ್ 31ರಂದು ಜಾರಿಯಾದ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ. ಹಳೆಯ ಬಾಡಿಗೆದಾರರ ಬಾಡಿಗೆ ವರ್ಷಕ್ಕೆ ಶೇಕಡಾ 4ರಷ್ಟು ಏರಬಹುದು ಎಂದಿತು. ಪಗಡಿಗೂ ಕಾನೂನಿನ ಮಾನ್ಯತೆ ಕೊಟ್ಟಿತು.

ಹೊಸ ಮಾಲಿಕನಿಗೆ ಮುಖ್ಯವಾದದ್ದು ಈ ಕಾಯ್ದೆಯ ಎರಡು ಸೆಕ್ಷನ್‌ಗಳು. 24ನೇ ಸೆಕ್ಷನ್ ಪ್ರಕಾರ ವಾಸಕ್ಕೆಂದು ಲೈಸೆನ್ಸ್ ಪಡೆದವನು ಅವಧಿ ಮುಗಿದ ಮೇಲೆ ಮನೆ ಬಿಡಲೇಬೇಕು. ಬಿಡದಿದ್ದರೆ ಸಕ್ಷಮ ಪ್ರಾಧಿಕಾರ ಬಿಡಿಸಿ ಕೊಡುತ್ತದೆ, ಅಲ್ಲಿಯವರೆಗೆ ಎರಡು ಪಟ್ಟು ದರದಲ್ಲಿ ನಷ್ಟ ಕಟ್ಟಬೇಕು. 55ನೇ ಸೆಕ್ಷನ್ ಪ್ರಕಾರ ಕರಾರು ಲಿಖಿತವಾಗಿರಬೇಕು, ನೋಂದಣಿಯಾಗಿರಬೇಕು. ಈ ಹೊಣೆ ಮಾಲಿಕನದ್ದು. ನೋಂದಣಿ ಮಾಡಿಸದಿದ್ದರೆ, ಷರತ್ತುಗಳೇನಿದ್ದವು ಎಂಬ ಬಗ್ಗೆ ಬೇರೆ ರೀತಿ ರುಜುವಾತಾಗುವ ತನಕ ಬಾಡಿಗೆದಾರನ ಮಾತೇ ನಡೆಯುತ್ತದೆ. ನಾಲ್ಕು ಕಾಸು ಉಳಿಸಲೆಂದು ಬಾಯಿಮಾತಿನಲ್ಲಿ ಮನೆ ಕೊಡುವವರು ಇದನ್ನು ಗಮನಿಸುವುದು ಒಳ್ಳೆಯದು.

ಇತ್ತ ನಮ್ಮ ರಾಜ್ಯದಲ್ಲಿ 1961ರ ಕಾಯ್ದೆ ಇನ್ನೊಂದು ಬಗೆಯ ಬಿಗಿ ತಂದಿತ್ತು. ಮನೆ ಖಾಲಿಯಾದರೆ ಹದಿನೈದು ದಿನಗಳೊಳಗೆ ಮಾಲಿಕ ರೆಂಟ್ ಕಂಟ್ರೋಲರ್‌ಗೆ ತಿಳಿಸಬೇಕಿತ್ತು. ಅದನ್ನು ಯಾರಿಗೆ ಕೊಡಬೇಕೆಂದು ಅವರು ಆದೇಶಿಸಬಹುದಿತ್ತು. 2001ರ ಡಿಸೆಂಬರ್ 31ರಂದು ಹೊಸ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದಾಗ ಚಿತ್ರವೇ ಬದಲಾಯಿತು. ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳು ಆ ಕಾಯ್ದೆಯ ಹೊರಗೆ ಉಳಿದವು. ಇಂದು ಬೆಂಗಳೂರಿನಲ್ಲಿ ಅಷ್ಟು ಕಡಿಮೆಗೆ ಯಾವ ಫ್ಲ್ಯಾಟು ಸಿಕ್ಕೀತು? ಅಂದರೆ ಹೊಸ ಮಾಲಿಕನಿಗೆ ಅನ್ವಯಿಸುವುದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಆತ ಬರೆಸಿಕೊಂಡ ಕರಾರು. ತಿಂಗಳ ಬಾಡಿಗೆಯಾದರೆ ಹದಿನೈದು ದಿನಗಳ ನೋಟಿಸು ಸಾಕು. ಒಂದು ವರ್ಷ ಮೀರಿದ ಗೇಣಿಪತ್ರವನ್ನು ನೋಂದಾಯಿಸಲೇಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದದ್ದು. ಉಳಿದಿರುವ ಭಯ ಕಾಯ್ದೆಯದ್ದಲ್ಲ, ಸಿವಿಲ್ ಕೋರ್ಟಿನ ವಿಳಂಬದ್ದು.

ಫ್ಲ್ಯಾಟಿನ ಮಾಲಿಕನಿಗೆ ಹಳೆಯ ಚಾಳಿನ ಮಾಲಿಕನಿಗಿಲ್ಲದ ಇನ್ನೊಂದು ಯಜಮಾನಿಕೆಯೂ ಇದೆ. ಅದು ಸೊಸೈಟಿ. ಮುಂಬಯಿಯ ಗಾಮ್‌ದೇವಿಯಲ್ಲಿ 1915ರಲ್ಲಿ ಸಾರಸ್ವತ ಸಹಕಾರಿ ಗೃಹ ಸಂಘವನ್ನು ಕಟ್ಟಿದವರು ರಾವ್ ಬಹದ್ದೂರ್ ಶ್ರೀಪಾದ ಸುಬ್ಬರಾವ್ ತಾಲ್ಮಕಿ. ಕೆನರಾದಿಂದ ಮುಂಬಯಿಗೆ ಹೋದ ಸಾರಸ್ವತರಿಗೆ ಕೈಗೆಟಕುವ ಮನೆ ಒದಗಿಸುವುದು ಅವರ ಉದ್ದೇಶವಾಗಿತ್ತು. ಪರವೂರಿನಲ್ಲಿ ನೆಲೆ ಇಲ್ಲದವರು ತಮ್ಮವರೊಡನೆ ಸೇರಿ ಸೂರು ಕಟ್ಟಿಕೊಂಡದ್ದರಲ್ಲಿ ತಪ್ಪು ಹುಡುಕಲಾಗದು. ಆದರೆ ತಮ್ಮವರಿಗೆ ಎಂಬುದು ಬೇರೆಯವರಿಗಿಲ್ಲ ಎಂದಾಗಲು ಹೆಚ್ಚು ಕಾಲ ಬೇಕಿಲ್ಲ. ಅಹಮದಾಬಾದಿನ ಝೊರಾಸ್ಟ್ರಿಯನ್ ಗೃಹ ಸಂಘ ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡುವ ನಿಯಮವನ್ನು 2005ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ದೆಹಲಿ ಮತ್ತು ಸುತ್ತಲಿನ ನಗರಗಳಲ್ಲಿ ಬಾಡಿಗೆ ಮನೆ ಕೇಳಿ ನಡೆಸಿದ ಅಧ್ಯಯನವೊಂದನ್ನು ಸುಖದೇವ್ ಥೋರಟ್ ಮತ್ತಿತರರು 2015ರಲ್ಲಿ ಪ್ರಕಟಿಸಿದರು. ಮೇಲ್ಜಾತಿಯ ಹಿಂದೂಗಳಿಗೆ ಸಿಕ್ಕ ಉತ್ತರ ದಲಿತರಿಗೆ ಸಿಗಲಿಲ್ಲ, ಮುಸ್ಲಿಮರಿಗೆ ದಲಿತರಿಗಿಂತಲೂ ಹೆಚ್ಚು ನಿರಾಕರಣೆ ಎದುರಾಯಿತು. ಹೀಗೆ ಹೆಸರು ಹೇಳಿದ ಕೂಡಲೇ ‘ಮನೆ ಆಗಲೇ ಹೋಯಿತು’ ಎಂಬ ಉತ್ತರ ಕೇಳಿದ ನಮ್ಮವರೇ ಫ್ಲ್ಯಾಟಿನ ಮಾಲಿಕರಾದಾಗ ದಲ್ಲಾಳಿಗೆ ‘ಆ ಊರಿನವರು ಬೇಡ, ಬ್ಯಾಚುಲರ್‌ಗಳು ಬೇಡ’ ಎಂದು ಪಟ್ಟಿ ಕೊಡುವುದೂ ಉಂಟು. ಎಬ್ಬಿಸಲಾಗದು ಎಂಬ ಭಯ ಹಳೆಯ ಕಾಯ್ದೆಯಿಂದ ಬಂದಿರಬಹುದು, ಈ ಪಟ್ಟಿ ಯಾವ ಕಾಯ್ದೆಯಿಂದ ಬಂತು?

ಭಯದ ಇನ್ನೊಂದು ಫಲ ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಎಂದು ಕೇಳುವುದು ರೂಢಿಯಾಗಿ ಬೆಳೆದಿದೆ. ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಅಷ್ಟು ಹಣವನ್ನು ಎಲ್ಲಿಂದ ತರಬೇಕು? ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎನ್ನುತ್ತದೆ; ಆದರೆ ರಾಜ್ಯಗಳು ತಮ್ಮ ಶಾಸನವಾಗಿ ಸ್ವೀಕರಿಸಿದರೆ ಮಾತ್ರ ಅದಕ್ಕೆ ಬಲ. ಮನೆ ಬಿಡುವಾಗಿನ ಜಗಳವೂ ಬಹುಪಾಲು ಈ ಮುಂಗಡದ ಸುತ್ತಲೇ. ಬಣ್ಣಕ್ಕೆಷ್ಟು, ಒಡೆದ ನಲ್ಲಿಗೆಷ್ಟು ಎಂದು ಮಾಲಿಕ ಕಡಿತ ಮಾಡುತ್ತಾನೆ, ಬಾಡಿಗೆದಾರ ಕೊನೆಯ ತಿಂಗಳುಗಳ ಬಾಡಿಗೆ ಕೊಡದೆ ಸರಿದೂಗಿಸುತ್ತಾನೆ. ಬೀಗದ ಕೈ ಕೊಡುವ ದಿನವೇ ಗೋಡೆ, ನಲ್ಲಿ, ಫ್ಯಾನುಗಳ ಸ್ಥಿತಿ ಬರೆದು, ಫೋಟೊ ತೆಗೆದು, ಇಬ್ಬರೂ ಸಹಿ ಹಾಕಿ ಕರಾರಿನ ಜೊತೆ ಇಟ್ಟುಕೊಂಡರೆ ಈ ಜಗಳದ ಮುಕ್ಕಾಲು ಭಾಗ ಅಲ್ಲಿಯೇ ತೀರುತ್ತದೆ.