ವದಂತಿಯ ಬೆನ್ನು ಹತ್ತಿ

ಬಿ.ಎಡ್. ಓದುವಾಗ ನಮ್ಮ ಮನೋವಿಜ್ಞಾನದ ಪುಸ್ತಕದಲ್ಲಿ ಫೆಸ್ಟಿಂಗರ್ ಎಂಬ ಅಮೆರಿಕದ ಪಂಡಿತನಿಗೆ ಅರ್ಧ ಪುಟ ಕೊಟ್ಟಿದ್ದರು. ಆತನ ಸಿದ್ಧಾಂತಕ್ಕೆ ಕನ್ನಡದಲ್ಲಿ 'ಅರಿವಿನ ಅಸಾಂಗತ್ಯ' ಎಂದು ಹೆಸರು. ಹೆಸರು ಕೇಳಿ ಹೆದರಬೇಕಾಗಿಲ್ಲ. ಒಂದಕ್ಕೊಂದು ಹೊಂದದ ಎರಡು ಸಂಗತಿಗಳು ಮನಸ್ಸಿನಲ್ಲಿ ಸೇರಿದರೆ ಕಸಿವಿಸಿಯಾಗುತ್ತದೆ; ಅದನ್ನು ಕಳೆದುಕೊಳ್ಳಲು ನಾವು ಎರಡರಲ್ಲಿ ಒಂದನ್ನು ಬದಲಿಸುತ್ತೇವೆ, ಇಲ್ಲವೇ ಮೂರನೆಯದೊಂದನ್ನು ಹುಟ್ಟಿಸಿಕೊಳ್ಳುತ್ತೇವೆ. ದುಬಾರಿ ಕೊಟ್ಟು ತಂದ ಇಳಕಲ್ ಸೀರೆ ಮೊದಲ ಒಗೆತಕ್ಕೇ ಬಣ್ಣ ಬಿಟ್ಟರೂ, "ಸೆರಗು ಮಾತ್ರ ಭಾಳ ಛಂದ ಐತಿ ನೋಡವ್ವ" ಎನ್ನುತ್ತೇವಲ್ಲ, ಅದೇ ಇದು.

ಪುಸ್ತಕದಲ್ಲಿ ಇರದಿದ್ದ ಸಂಗತಿಯೆಂದರೆ, ಈ ಸಿದ್ಧಾಂತದ ಬೀಜ ನಮ್ಮ ದೇಶದ ಮಣ್ಣಿನಲ್ಲಿ ಸಿಕ್ಕಿತ್ತು ಎಂಬುದು. ಅದೂ ಬಿರುಕು ಬಿಟ್ಟ ಮಣ್ಣಿನಲ್ಲಿ.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳಗಳಲ್ಲಿ ಮಹಾ ಭೂಕಂಪವಾಯಿತು. ಮುಂಗೇರ, ಮುಜಫ್ಫರಪುರ ಪಟ್ಟಣಗಳು ನೆಲಕಚ್ಚಿದವು; ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಎಂದು ಗಾಂಧೀಜಿ ಹೇಳಿದರು. ರವೀಂದ್ರನಾಥ ಟ್ಯಾಗೋರರು ಅದನ್ನು ಒಪ್ಪದೆ ಪ್ರತಿಭಟಿಸಿ ಬರೆದರು. ಆ ಬರಹವನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿಯೇ ಅಚ್ಚು ಹಾಕಿದರು. ತನ್ನನ್ನು ವಿರೋಧಿಸಿದ ಮಾತನ್ನು ತಾನೇ ಅಚ್ಚು ಹಾಕುವ ದೊಡ್ಡತನ ಎಲ್ಲರಿಗೂ ಬರುವುದಿಲ್ಲ. ಅದಿರಲಿ.

ಜಮುನಾ ಪ್ರಸಾದ್ ಎಂಬ ವಿದ್ವಾಂಸರು ಆ ದಿನಗಳಲ್ಲಿ ಬೇರೊಂದು ಕೆಲಸ ಮಾಡಿದರು. ಜನರ ಬಾಯಲ್ಲಿ ಓಡಾಡುತ್ತಿದ್ದ ವದಂತಿಗಳನ್ನು ಕೇಳಿ ಕೇಳಿ ಬರೆದುಕೊಂಡರು. ನೇಪಾಳದ ಕಡೆಯಿಂದ ಪ್ರವಾಹ ನುಗ್ಗಿ ಬರುತ್ತಿದೆ, ಚಂದ್ರಗ್ರಹಣದ ದಿನ ಮತ್ತೊಂದು ಕಂಪನವಾಗುತ್ತದೆ, ಗಂಗೆಯ ನೀರು ಮಾಯವಾಗಿ ಸ್ನಾನಕ್ಕಿಳಿದವರು ಮರಳಿನಲ್ಲಿ ಹೂತುಹೋದರು, ಇಂಥವು. ಅವರ ಲೇಖನ 1935ರಲ್ಲಿ ಬ್ರಿಟನ್ನಿನ ಮನೋವಿಜ್ಞಾನ ಪತ್ರಿಕೆಯಲ್ಲಿ ಬಂತು. ಅದೇ ಪತ್ರಿಕೆಯಲ್ಲಿ 1950ರಲ್ಲಿ ಇನ್ನೊಂದು. ಹೆಣ್ಣುಮಕ್ಕಳ ಕಟ್ಟೆಹರಟೆ ಎಂದು ಎಲ್ಲರೂ ತಳ್ಳಿಹಾಕುವ ಮಾತುಗಳನ್ನು ಒಬ್ಬ ವಿದ್ವಾಂಸ ದಾಖಲೆ ಎಂದು ತಿಳಿದು ಕೂಡಿಸಿಟ್ಟನಲ್ಲ, ಅದಕ್ಕೇ ನನಗೆ ಈ ಜಮುನಾ ಪ್ರಸಾದರ ಮೇಲೆ ಹೆಚ್ಚು ಗೌರವ.

ಈ ವದಂತಿಗಳ ರುಚಿ ನಮ್ಮ ಕಡೆಯವರಿಗೆ ಹೊಸದಲ್ಲ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಗಣಪತಿ ಕಳಿಸಿ ಬಂದು ಮಲಗಿದ ಊರಿಗೆ ಊರೇ ಕಲ್ಲುಮಣ್ಣಿನ ಗೋಡೆಯ ಕೆಳಗೆ ಹೋಯಿತು. ಸುಮಾರು ಹತ್ತು ಸಾವಿರ ಜನ. ಕಿಲ್ಲಾರಿಯಿಂದ ಬೋನಾಳಕ್ಕೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚು. ಆಗ ಯಾದಗಿರಿ ಜಿಲ್ಲೆ ಇರಲಿಲ್ಲ, ನಾವೆಲ್ಲ ಗುಲ್ಬರ್ಗಾ ಜಿಲ್ಲೆಯವರು. ನೆಲುವಿನ ಮೇಲಿನ ಗಡಿಗೆ ಅಲುಗಾಡಿದ್ದು ಬಿಟ್ಟರೆ ನಮ್ಮ ಓಣಿಯಲ್ಲಿ ಒಂದು ಹೆಂಚೂ ಬೀಳಲಿಲ್ಲ. ಆದರೆ ಅಂದಿನಿಂದ ಎಷ್ಟೋ ದಿನ ನಾವು ಹೊರಗೆ ಅಂಗಳದಲ್ಲಿ ಕೌದಿ ಹಾಸಿ ಮಲಗಿದೆವು. "ಅಮಾಸಿ ರಾತ್ರಿ ಇದಕ್ಕಿಂತ ದೊಡ್ಡದು ಆಗ್ತದಂತ" ಎಂದು ಒಬ್ಬರು, "ಕೆರಿ ಒಡ್ಡು ಬಿರುಕು ಬಿಟ್ಟದಂತ, ನೀರು ಊರಾಗ ಬರ್ತದಂತ" ಎಂದು ಇನ್ನೊಬ್ಬರು. ಸುರಪುರದ ನಾಯಕ ದೊರೆಗಳ ಕಾಲದ ಆ ಕೆರೆಯ ಒಡ್ಡಿಗೆ ಏನೂ ಆಗಿರಲಿಲ್ಲ. ನಮ್ಮವ್ವ ನಿತ್ಯ ಅಲ್ಲಿಗೇ ಬಟ್ಟೆ ಒಗೆಯಲು ಹೋಗುತ್ತಿದ್ದಳು. ಬಂದು ಸಂಜೆಗೆ ಅದೇ ಒಡ್ಡು ಒಡೆಯುವ ಮಾತನ್ನು ಕಾಕಿಯೊಂದಿಗೆ ಕೂತು ಆಡುತ್ತಿದ್ದಳು. ಕಣ್ಣಿಂದ ಕಂಡದ್ದು ಒಂದು, ಕಿವಿಯಿಂದ ನಂಬಿದ್ದು ಇನ್ನೊಂದು.

ಫೆಸ್ಟಿಂಗರ್ ತಲೆ ಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ. ಸಂವಹನದ ಬಗ್ಗೆ ಬಂದ ಸಂಶೋಧನೆಗಳನ್ನೆಲ್ಲ ಓದಿ ಒಂದು ಕಡೆ ಕ್ರೋಡೀಕರಿಸುವ ಕೆಲಸ ಫೋರ್ಡ್ ಫೌಂಡೇಶನ್ನಿನ ಕಡೆಯಿಂದ 1951ರ ಕೊನೆಗೆ ಆತನ ಪಾಲಿಗೆ ಬಂತು. ಹಾಗೆ ಓದುತ್ತಿರುವಾಗ ಜಮುನಾ ಪ್ರಸಾದರ ಬರಹ ಕೈಗೆ ಸಿಕ್ಕಿತು. ಅಂಜಿದವನು ಧೈರ್ಯದ ಮಾತು ನಂಬಬೇಕಲ್ಲವೇ, ಇನ್ನೂ ಅಂಜಿಸುವ ಮಾತನ್ನೇ ಏಕೆ ನಂಬುತ್ತಾನೆ? ಬಹಳ ದಿನ ಹೊಳೆಯಲಿಲ್ಲ. ಆಮೇಲೆ ಪ್ರಶ್ನೆಯನ್ನೇ ತಿರುಗಿಸಿ ನೋಡಿದ. ಆ ವದಂತಿಗಳು ಹಬ್ಬಿದ್ದು ಕಂಪನ ತಟ್ಟಿಯೂ ಹಾನಿಯಾಗದ ಕಡೆ. ಎದೆಯಲ್ಲಿ ನಡುಕವಿದೆ, ಕಣ್ಣೆದುರು ನಡುಗಲು ಕಾರಣವೇ ಇಲ್ಲ. ಎರಡೂ ಹೊಂದಬೇಕಾದರೆ ಒಂದು ಕಾರಣ ಬೇಕು. ವದಂತಿ ಭಯ ಹುಟ್ಟಿಸುವುದಿಲ್ಲ, ಹುಟ್ಟಿದ ಭಯಕ್ಕೆ ಸಮರ್ಥನೆ ಒದಗಿಸುತ್ತದೆ.

ಇದಕ್ಕೆ ತಾಳೆ ನೋಡಲು ಸಿಕ್ಕದ್ದೂ ಭಾರತದ ಬರಹವೇ. 1950ರಲ್ಲಿ ಡಾರ್ಜಿಲಿಂಗಿನಲ್ಲಿ ಗುಡ್ಡ ಕುಸಿದಾಗ ದುರ್ಗಾನಂದ ಸಿನ್ಹಾ ಎಂಬವರು ಅಲ್ಲಿಯ ಮಾತುಗಳನ್ನು ಕೂಡಿಸಿ 1952ರಲ್ಲಿ ಪ್ರಕಟಿಸಿದ್ದರು. ಅಲ್ಲಿ ಮನೆ ಬಿದ್ದಿದ್ದವು, ಜನ ಸತ್ತಿದ್ದರು. ಮುಂದೆ ಇನ್ನೂ ಘೋರವಾದದ್ದು ಬರುತ್ತದೆಂಬ ಸುದ್ದಿ ಹಬ್ಬಿರಲಿಲ್ಲ. ಭಯಕ್ಕೆ ಕಾರಣ ಕಣ್ಣೆದುರೇ ಇತ್ತಲ್ಲ. ಈ ಎರಡು ಬರಹಗಳ ನಡುವೆ ಆ ಸಿದ್ಧಾಂತ ಮೊಳೆಯಿತು, 1957ರಲ್ಲಿ ಪುಸ್ತಕವಾಯಿತು.

ಆಮೇಲಿನದು ಸಭೆಗಳ ಕಥೆ. 1959ರಲ್ಲಿ ಆತ ತನ್ನ ವಿದ್ಯಾರ್ಥಿ ಕಾರ್ಲ್‌ಸ್ಮಿತ್ ಜೊತೆಗೂಡಿ ಒಂದು ಪ್ರಯೋಗ ಪ್ರಕಟಿಸಿದ: ಬೇಸರದ ಕೆಲಸ ಮಾಡಿಸಿ, 'ಬಹಳ ಚೆನ್ನಾಗಿತ್ತು' ಎಂದು ಮುಂದಿನವರಿಗೆ ಸುಳ್ಳು ಹೇಳಲು ಕೆಲವರಿಗೆ 1 ಡಾಲರ್, ಕೆಲವರಿಗೆ 20 ಡಾಲರ್. ಕಡಿಮೆ ಪಡೆದವರೇ ತಮ್ಮ ಸುಳ್ಳನ್ನು ಹೆಚ್ಚು ನಂಬಿದರು. ಇಂಥ ಪ್ರಯೋಗ ಮೇಜಿನ ಮೇಲಿಟ್ಟು ಮಾತಾಡಲು ಅನುಕೂಲ. 1963ರ ಡಿಸೆಂಬರಿನಲ್ಲಿ ಇಟಲಿಯ ಸೊರೆಂಟೊದಲ್ಲಿ ಯುರೋಪಿನ ಸಾಮಾಜಿಕ ಮನೋವಿಜ್ಞಾನಿಗಳು ಮೊದಲ ಸಲ ಕಲೆತರು. ಎರಡನೆಯ ಮಹಾಯುದ್ಧ ಅವರನ್ನು ಹೇಗೆ ಚದುರಿಸಿತ್ತೆಂದರೆ, ನೆರೆಯ ದೇಶದಲ್ಲಿ ತಮ್ಮದೇ ವಿಷಯ ಓದುವವರು ಯಾರಿದ್ದಾರೆಂಬುದೂ ಒಬ್ಬರಿಗೊಬ್ಬರಿಗೆ ಸರಿಯಾಗಿ ಗೊತ್ತಿರಲಿಲ್ಲ. 1964ರಲ್ಲಿ ಅಮೆರಿಕದ ಸಮಾಜವಿಜ್ಞಾನ ಸಂಶೋಧನಾ ಮಂಡಳಿ ಒಂದು ಬಹುರಾಷ್ಟ್ರ ಸಮಿತಿ ರಚಿಸಿತು. ಫೆಸ್ಟಿಂಗರನೇ ಅದರ ಅಧ್ಯಕ್ಷ. ಅದೇ ವರ್ಷ ಫ್ರಸ್ಕಾಟಿ, 1966ರಲ್ಲಿ ಫ್ರಾನ್ಸಿನ ರ್ವಾಯೊಮೋಂ ಮಠ, ಬೇಸಿಗೆ ಶಿಬಿರಗಳು. 1968ರ ಅಕ್ಟೋಬರಿನಲ್ಲಿ ಪ್ರಾಗ್ ನಗರದಲ್ಲಿ ಸಭೆ. ಎರಡೇ ತಿಂಗಳ ಹಿಂದೆ ಆ ಊರಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದ್ದವು. ಹೋಗಬೇಕೋ ಬಾರದೋ ಎಂಬ ಹೊಯ್ದಾಟದಲ್ಲಿದ್ದವರಿಗೆ ಅಸಾಂಗತ್ಯದ ಪಾಠ ಬೇರೆ ಬೇಕಾಗಿರಲಿಕ್ಕಿಲ್ಲ!

ಸಭೆಗೆ ಹೋದವರೆಲ್ಲ ತಲೆಬಾಗಲಿಲ್ಲ. ಅಮೆರಿಕದ ಈ ಶಾಸ್ತ್ರ ಕೇಳುವುದು ಅಮೆರಿಕದ ಸಮಾಜದ ಪ್ರಶ್ನೆಗಳನ್ನು ಎಂದು ಪ್ಯಾರಿಸ್ಸಿನ ಮೊಸ್ಕೊವಿಚಿ ತಕರಾರು ತೆಗೆದರು. ನನಗೆ ಆ ತಕರಾರು ಅರ್ಧ ಒಪ್ಪಿಗೆ. ಬಿಹಾರದ ಓಣಿಗಳಿಂದ ಹೊರಟ ಪ್ರಶ್ನೆ, ಪ್ರಯೋಗಶಾಲೆಯ ಡಾಲರಿನ ಲೆಕ್ಕವಾಗಿ ಊರೂರು ತಿರುಗಿತು. ನಮ್ಮ ಶಿಕ್ಷಕರ ಸಮಾಲೋಚನಾ ಸಭೆಗಳಲ್ಲಿಯೂ ಹೀಗೇ ಆಗುತ್ತದೆ. ಯಾವುದೋ ಹಳ್ಳಿಯ ಟೀಚರ್ ಮಾಡಿದ ಪ್ರಯೋಗ ನಾಲ್ಕು ಸಭೆ ದಾಟುವಷ್ಟರಲ್ಲಿ ಹೇಳಿದವರ ಹೆಸರಿಗೆ ಅಂಟಿಕೊಂಡಿರುತ್ತದೆ. ಫೆಸ್ಟಿಂಗರ್ ಮಾತ್ರ ತನ್ನ ಪುಸ್ತಕದಲ್ಲಿ ಪ್ರಸಾದ್, ಸಿನ್ಹಾ ಇಬ್ಬರ ಋಣವನ್ನೂ ಮುಚ್ಚಿಡಲಿಲ್ಲ. ಅವನನ್ನು ಓದಿ ಬರೆದವರು ಮುಂದೆ ಹೆಸರು ಬಿಟ್ಟರು. ದುರ್ಗಾನಂದ ಸಿನ್ಹಾ ಸುಮ್ಮನೆ ಕೂರುವವರಲ್ಲ. ಅಲಹಾಬಾದಿನಲ್ಲಿ ವಿಭಾಗ ಕಟ್ಟಿದರು, ನಮ್ಮ ಜನರನ್ನು ನಮ್ಮ ನೆಲದಲ್ಲಿಟ್ಟೇ ಅರಿಯಬೇಕೆಂದು ಕೊನೆಯವರೆಗೂ ವಾದಿಸಿದರು.

ಸಿದ್ಧಾಂತಕ್ಕೂ ವಯಸ್ಸಾಗುತ್ತದೆ. 2024ರಲ್ಲಿ ಹಲವು ದೇಶಗಳ 39 ಪ್ರಯೋಗಾಲಯಗಳು ಒಂದೇ ಪರೀಕ್ಷೆಯನ್ನು ಕೂಡಿ ಮಾಡಿದವು. ತನ್ನ ಮನಸ್ಸಿಗೆ ವಿರುದ್ಧವಾದದ್ದನ್ನು ಸ್ವಇಚ್ಛೆಯಿಂದ ಬರೆದವರಿಗೂ ಹೇಳಿಸಿಕೊಂಡು ಬರೆದವರಿಗೂ ನಡುವೆ, ಸಿದ್ಧಾಂತ ಹೇಳಿದಂಥ ವ್ಯತ್ಯಾಸ ಸಿಗಲಿಲ್ಲ. ಪ್ರಯೋಗಶಾಲೆಯ ಕಂಬ ಅಲುಗಿದೆ. ಬಿಹಾರದ ಪ್ರಶ್ನೆ ಹಾಗೆಯೇ ಇದೆ.

ಹಾಗೆಯೇ ಇದೆ ಎನ್ನಲು ಕಾರಣ ಬೀದರ ಜಿಲ್ಲೆಯ ಮುರ್ಕಿ. 2018ರ ಜುಲೈ 13ರಂದು ಆ ಕಡೆ ಬಂದಿದ್ದ ಹೈದರಾಬಾದಿನ ಗೆಳೆಯರ ಗುಂಪೊಂದು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ಮಕ್ಕಳ ಕಳ್ಳರೆಂದು ಮೊಬೈಲಿನಲ್ಲಿ ಸುದ್ದಿ ಹಾರಿತು; ಜನ ಸೇರಿ ಹೊಡೆದರು; ಒಬ್ಬ ಯುವ ಇಂಜಿನಿಯರ್ ಸತ್ತ. ಆ ವರ್ಷ ದೇಶದ ಉದ್ದಗಲಕ್ಕೆ ಹರಿದಾಡಿದ ಅಪಹರಣದ ವಿಡಿಯೋ ಒಂದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರದ ತುಂಡು. ಕೊನೆಯ ಭಾಗ ಕತ್ತರಿಸಿ ಬಿಟ್ಟಿದ್ದರು. 1934ರಲ್ಲಿ ಭಯ ಮೊದಲು ಬಂತು, ಕಾರಣ ಆಮೇಲೆ. ಇಲ್ಲಿ ಎರಡನ್ನೂ ಒಂದೇ ಸಂದೇಶ ಹೊತ್ತು ತಂದಿತು, ಹೊಡೆಯಲು ಮನುಷ್ಯರನ್ನೂ ತೋರಿಸಿತು. ಫೆಸ್ಟಿಂಗರನ ಲೆಕ್ಕ ಇಲ್ಲಿಗೆ ಪೂರ್ತಿ ಸಾಲದು ಎಂದೇ ನನ್ನ ಅನಿಸಿಕೆ.

ಆ ವಾರ ನಮ್ಮ ಶಾಲೆಯ ಗಂಟೆ ಹೊಡೆಯುವ ಮೊದಲೇ ತಾಯಂದಿರು ಗೇಟಿನಲ್ಲಿ ನಿಂತಿರುತ್ತಿದ್ದರು. "ಟೀಚರ್ರಿ, ಹೊರಗಿನೋರು ಯಾರಾದ್ರೂ ಬಂದಿದ್ರೇನ್ರಿ?" ಎಂಬುದೊಂದೇ ಮಾತು. ಯಾವ ಮಗುವೂ ಕಾಣೆಯಾಗಿರಲಿಲ್ಲ. ಕಾಣೆಯಾದವಳು ಒಬ್ಬಳೇ: ಉದುರಿದ ಕೂದಲು ತೆಗೆದುಕೊಂಡು ಸ್ಟೀಲ್ ಡಬ್ಬಿ ಕೊಡಲು ಓಣಿ ಓಣಿ ಕೂಗುತ್ತ ಬರುತ್ತಿದ್ದ ಹೆಣ್ಣುಮಗಳು. ಆ ವರ್ಷ ದೀಪಾವಳಿ ಕಳೆಯುವವರೆಗೂ ಆಕೆ ನಮ್ಮೂರ ಕಡೆ ಸುಳಿಯಲಿಲ್ಲ.