ವಾಲಗ ಕಲಿತ ಜಾಜ್ ವಾದಕ

ಬೀರೂರು, ಕಡೂರು ಕಡೆಯ ಮದುವೆಮನೆಗಳಲ್ಲಿ ‘ಗಟ್ಟಿಮೇಳ’ ಎಂಬ ಕೂಗು ಬಿದ್ದೊಡನೆ ನಾಗಸ್ವರ ಏರುದನಿಯಲ್ಲಿ ಮೊಳಗುತ್ತದೆ. ಧಾರೆ ಮುಗಿದ ಮೇಲೆ ವಾಲಗದವರತ್ತ ತಿರುಗಿ ನೋಡುವವರು ಕಡಿಮೆ. ಇದೇ ವಾದ್ಯಕ್ಕೆ ಮನಸೋತು, ನಲವತ್ತು ದಾಟಿದ ಮೇಲೆ ಮತ್ತೆ ಶಿಷ್ಯರಾಗಿ ಕುಳಿತ ಅಮೆರಿಕದ ಜಾಜ್ ಸ್ಯಾಕ್ಸೊಫೋನ್ ವಾದಕರೊಬ್ಬರಿದ್ದರು. ಅವರು 1923ರಲ್ಲಿ ಬಾಸ್ಟನ್‌ನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ.

ಪರಸಂಗೀತವನ್ನು ಬರಮಾಡಿಕೊಳ್ಳುವುದು ಜಾಜ್‌ನ ಹಳೆಯ ಗುಣ. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ 1960ರಲ್ಲಿ ಹೊರಬಂದ ‘ಸ್ಕೆಚಸ್ ಆಫ್ ಸ್ಪೇನ್’ ಎಂಬ ಧ್ವನಿಮುದ್ರಿಕೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಮತ್ತು ವಾದ್ಯ ಸಂಯೋಜಕ ಗಿಲ್ ಇವಾನ್ಸ್ ಸೇರಿ ಸ್ಪೇನಿನ ಹೊವಾಕಿನ್ ರೊದ್ರಿಗೊ 1939ರಲ್ಲಿ ಗಿಟಾರಿಗೆಂದು ರಚಿಸಿದ ಕೃತಿಯನ್ನೂ, ಅಲ್ಲಿನ ಧಾರ್ಮಿಕ ಮೆರವಣಿಗೆಯ ಹಾಡಿನ ಧಾಟಿಯನ್ನೂ ಜಾಜ್‌ಗೆ ಒಗ್ಗಿಸಿದರು. ತಟ್ಟೆ ಅದ್ಭುತವಾದದ್ದು, ಸಂಶಯವಿಲ್ಲ. ಆದರೆ ಮುದ್ರಣ ನಡೆದದ್ದು ನ್ಯೂಯಾರ್ಕ್‌ನಲ್ಲಿ. ಸ್ಪೇನ್ ಅಲ್ಲಿಗೆ ಬಂದದ್ದು ಸ್ವರಲಿಪಿಯ ಹಾಳೆಗಳ ಮೂಲಕ, ಹಳೆಯ ಧ್ವನಿಮುದ್ರಣಗಳ ಮೂಲಕ.

ಮರಿಯಾನೊ ಅವರಿಗೂ ಸ್ಪೇನಿನ ಗಾಳಿ ಸೋಕಿತ್ತು. 1963ರಲ್ಲಿ ಚಾರ್ಲ್ಸ್ ಮಿಂಗಸ್ ಮುದ್ರಿಸಿದ, ಫ್ಲಮೆಂಕೊ ಶೈಲಿಯ ಗಿಟಾರ್ ಕೇಳಿಬರುವ ತಟ್ಟೆಯೊಂದರಲ್ಲಿ ಅವರು ನುಡಿಸಿದ್ದರು. ಆ ದಶಕದ ಕೊನೆಯ ಭಾಗದಲ್ಲಿ ಕೆಲಸದ ನಿಮಿತ್ತ ಮಲೇಷ್ಯಾಕ್ಕೆ ಹೋದಾಗ ಅಲ್ಲಿನ ದಕ್ಷಿಣ ಭಾರತೀಯರ ನಾಗಸ್ವರ ಕಿವಿಗೆ ಬಿತ್ತು. ಕಲಿಯಲು ಹೊರಟರು, ಮುಂದೆ ಭಾರತಕ್ಕೂ ಬಂದರು.

ಈ ಕಲಿಕೆ ಸುಲಭದ್ದಲ್ಲ. ಸ್ಯಾಕ್ಸೊಫೋನ್‌ನ ರಂಧ್ರಗಳನ್ನು ಕೀಲಿಗಳು ಮುಚ್ಚುತ್ತವೆ, ತೆರೆಯುತ್ತವೆ. ನಾಗಸ್ವರಕ್ಕೆ ಕೀಲಿಗಳಿಲ್ಲ. ಬೆರಳನ್ನು ಅರೆಬರೆ ಸರಿಸಿ, ತುಟಿ ಮತ್ತು ಉಸಿರಿನ ಒತ್ತಡವನ್ನು ಬದಲಿಸಿ ಗಮಕ ಹೊರಡಿಸಬೇಕು. ಜಾಜ್ ವಾದಕ ಬದಲಾಗುತ್ತಾ ಹೋಗುವ ಸ್ವರಮೇಳಗಳ ಮೇಲೆ ಕಲ್ಪನೆ ಹರಿಸುತ್ತಾನೆ. ಇಲ್ಲಿ ಕದಲದ ಶ್ರುತಿಯೊಂದೇ ಆಧಾರ, ರಾಗವೇ ದಾರಿ.

ಹೀಗೆ ಪಳಗಿದ ಮರಿಯಾನೊ 1983ರಲ್ಲಿ ಬೆಂಗಳೂರಿನ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ತಂಡದೊಡನೆ ‘ಜ್ಯೋತಿ’ ಎಂಬ ತಟ್ಟೆ ಮುದ್ರಿಸಿದರು. ಮುದ್ರಣ ನಡೆದದ್ದು ಜರ್ಮನಿಯ ಲುಡ್ವಿಗ್ಸ್‌ಬರ್ಗ್‌ನಲ್ಲಿ, ಪ್ರಕಾಶಕರು ಇಸಿಎಂ ಕಂಪನಿ. ಗಾಯನ ಮತ್ತು ತಂಬೂರಿ ಆರ್.ಎ. ರಾಮಮಣಿ ಅವರದು, ಮೃದಂಗ ಟಿ.ಎ.ಎಸ್. ಮಣಿ ಅವರದು. ಘಟ, ಮೋರ್ಚಿಂಗ್‌ಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಪಿಯಾನೊ ಇಲ್ಲ, ಡ್ರಮ್ ಸೆಟ್ ಇಲ್ಲ. ಮೊದಲ ಭಾಗದಲ್ಲೇ ರಾಮಮಣಿ ಅವರ ಒಂಟಿ ದನಿ. ಸ್ಯಾಕ್ಸೊಫೋನ್ ಆ ದನಿಯ ಹಿಂದೆ ನಡೆಯುತ್ತದೆ, ಕೆಲವೆಡೆ ಕೊಂಚ ಸಂಕೋಚದಿಂದಲೇ.

ರಕ್ಷಾಕವಚದ ಮೇಲೆ ಮರಿಯಾನೊ ಹೆಸರೇ ಮೊದಲು. ಸಂಗೀತ ಮಾತ್ರ ಬೇರೆಯದನ್ನು ಹೇಳುತ್ತದೆ: ಮನೆ ಬೆಂಗಳೂರಿನವರದು, ಅತಿಥಿ ಮರಿಯಾನೊ. ಸಂಯೋಜನೆಗಳು ರಾಮಮಣಿ ಅವರವು. ಸ್ಪೇನಿನ ತಟ್ಟೆಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ. ‘ಜ್ಯೋತಿ’ಗೆ ಅದರಷ್ಟು ಕೇಳುಗರು ಸಿಗಲಿಲ್ಲ, ಕನ್ನಡ ನಾಡಿನಲ್ಲೇ ಅದರ ಹೆಸರು ಕೇಳಿದವರು ವಿರಳ.

ಇದಕ್ಕೆ ತದ್ವಿರುದ್ಧವಾದ ಪಯಣವೂ ನಮ್ಮಲ್ಲೇ ನಡೆದಿತ್ತು. ದಕ್ಷಿಣ ಕನ್ನಡದ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಅದನ್ನೇ ಕರ್ನಾಟಕ ಸಂಗೀತಕ್ಕೆ ಬಗ್ಗಿಸಿದರು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ, ತಮ್ಮೊಡನೆ ನುಡಿಸಲು ಅವರನ್ನು ವೇದಿಕೆಗೆ ಕರೆದರು.