ಇಂಟಿಗ್ರೇಷನ್ ಸೇವೆಯಿಂದ ಡೇಟಾಬೇಸ್‌ಗೆ: ಪ್ಯಾರಾಮೀಟರ್ ಇರುವ ಎಸ್‌ಕ್ಯೂಎಲ್ ಹೇಳಿಕೆಗಳು

ಸದಸ್ಯತ್ವದ ಅರ್ಜಿಯನ್ನು ಮೊಬೈಲ್‌ನಲ್ಲಿ ತುಂಬಿ ಕಳುಹಿಸಿದರೆ ಅದು ನೇರವಾಗಿ ಸದಸ್ಯರ ಪಟ್ಟಿಗೆ ಹೋಗಿ ಸೇರುವುದು ಕಡಿಮೆ. ಅರ್ಜಿ ನಮೂನೆ ಒಂದು ತಂತ್ರಾಂಶದ್ದು, ಹಣ ಪಾವತಿ ಇನ್ನೊಂದರದ್ದು, ಪಟ್ಟಿ ಇರುವ ಡೇಟಾಬೇಸ್ ಮತ್ತೊಂದು. ಇವುಗಳ ನಡುವೆ ನಿಂತು ಮಾಹಿತಿಯನ್ನು ಪಡೆದು, ರೂಪ ಬದಲಿಸಿ, ಮುಂದಕ್ಕೆ ದಾಟಿಸುವುದೇ ಇಂಟಿಗ್ರೇಷನ್ ಸೇವೆ. ಅಪಾಚೆ ಕ್ಯಾಮೆಲ್, ಮ್ಯೂಲ್, ಡಬ್ಲ್ಯೂಎಸ್‌ಒ2 ಇವು ಈ ಬಗೆಯವು. ಡೇಟಾಬೇಸ್ ಜೊತೆ ಅವು ಮಾತಾಡುವ ಭಾಷೆ ಎಸ್‌ಕ್ಯೂಎಲ್. ಹೊರಗಿನಿಂದ ಬಂದ ಮಾಹಿತಿಯನ್ನು ಆ ಭಾಷೆಯ ಹೇಳಿಕೆಯೊಳಗೆ ಹೇಗೆ ಇಡಬೇಕು ಎಂಬುದನ್ನು ಇಲ್ಲಿ ನೋಡೋಣ. ಆಜ್ಞೆಗಳನ್ನು ಕಂಪ್ಯೂಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಓದಲು ಅನುಕೂಲವಾಗಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ.

ಕಾಸರಗೋಡು, ಗೋವಾ ಕಡೆಯ ಡಿ'ಸೋಜ, ಡಿ'ಸಿಲ್ವ ಎಂಬ ಹೆಸರುಗಳನ್ನೇ ತೆಗೆದುಕೊಳ್ಳಿ. ಬಂದ ಹೆಸರನ್ನು ಹೇಳಿಕೆಯ ಪಠ್ಯಕ್ಕೆ ಹಾಗೇ ಅಂಟಿಸಿದರೆ ಸಿಗುವುದು ಇದು:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = 'ಡಿ'ಸೋಜ'

ಎಸ್‌ಕ್ಯೂಎಲ್‌ನಲ್ಲಿ ಪಠ್ಯ ಆರಂಭವಾಗುವುದೂ ಮುಗಿಯುವುದೂ ಒಂಟಿ ಉದ್ಧರಣ ಚಿಹ್ನೆಯಿಂದ. ಹಾಗಾಗಿ 'ಡಿ' ಎಂಬಲ್ಲಿಗೆ ಹೆಸರು ಮುಗಿಯಿತೆಂದು ಡೇಟಾಬೇಸ್ ತಿಳಿಯುತ್ತದೆ. ಉಳಿದ 'ಸೋಜ' ಅದಕ್ಕೆ ಅರ್ಥವಾಗದ ಆಜ್ಞೆ. ಹೇಳಿಕೆ ತಪ್ಪೆಂದು ಅದು ಹಿಂದಿರುಗಿಸುತ್ತದೆ, ಪಾಪ ಆ ಸದಸ್ಯರ ಅರ್ಜಿ ನಡುದಾರಿಯಲ್ಲೇ ಉಳಿಯುತ್ತದೆ. ಇದು ಸಣ್ಣ ತೊಂದರೆ. ಹೆಸರಿನ ಜಾಗದಲ್ಲಿ ಯಾರಾದರೂ ಬೇಕೆಂದೇ ' ಆರ್ '1'='1 ಎಂದು ತುಂಬಿದರೆ ಹೇಳಿಕೆ ತಪ್ಪಾಗುವುದೇ ಇಲ್ಲ. 1 ಎಂಬುದು 1ಕ್ಕೆ ಸಮ ಎಂಬುದು ಸದಾ ನಿಜವಾದ್ದರಿಂದ ಎಲ್ಲ ಸದಸ್ಯರ ವಿವರವೂ ಹೊರಬರುತ್ತದೆ. ಇದೇ ಎಸ್‌ಕ್ಯೂಎಲ್ ಇಂಜೆಕ್ಷನ್. ಬ್ರಿಟನ್ನಿನ ಟಾಕ್‌ಟಾಕ್ ಎಂಬ ದೂರವಾಣಿ ಕಂಪನಿಯಿಂದ 2015ರಲ್ಲಿ 1,56,959 ಗ್ರಾಹಕರ ಮಾಹಿತಿ ಹೋದದ್ದು ಇದೇ ದಾರಿಯಲ್ಲಿ. ಮರುವರ್ಷ ಅದಕ್ಕೆ 4 ಲಕ್ಷ ಪೌಂಡ್ ದಂಡ ಬಿತ್ತು. 2023ರ ಮೇ ತಿಂಗಳಲ್ಲಿ ಮೂವ್‌ಇಟ್ ಟ್ರಾನ್ಸ್‌ಫರ್ ಎಂಬ ಕಡತ ಸಾಗಿಸುವ ತಂತ್ರಾಂಶದಲ್ಲಿ ಬಯಲಾದ ದೋಷವೂ ಇದೇ ಜಾತಿಯದು. ವ್ಯವಸ್ಥೆಗಳ ನಡುವೆ ಮಾಹಿತಿ ದಾಟಿಸುವ ತಂತ್ರಾಂಶಕ್ಕೇ ತೂತು ಬಿದ್ದರೆ ನಷ್ಟ ಒಂದು ಮನೆಯದ್ದಲ್ಲ.

ಪರಿಹಾರ ಹಳೆಯದು, ಸರಳವಾದದ್ದು. ಬ್ಯಾಂಕಿನ ಚಲನ್ ನೆನಪಿಸಿಕೊಳ್ಳಿ. ಹೆಸರಿನ ಚೌಕದಲ್ಲಿ ಏನೇ ಬರೆದರೂ ಅದು ಹೆಸರೇ; ಅಚ್ಚಾದ ಸಾಲುಗಳನ್ನು ಅದು ಬದಲಿಸಲಾರದು. ಎಸ್‌ಕ್ಯೂಎಲ್‌ನಲ್ಲೂ ಹೀಗೆ ಖಾಲಿ ಚೌಕ ಬಿಡಬಹುದು:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಹೆಸರು = ?

ಈ ಪ್ರಶ್ನಾರ್ಥಕ ಚಿಹ್ನೆಯೇ ಪ್ಯಾರಾಮೀಟರ್‌ನ ಜಾಗ. ಪೋಸ್ಟ್‌ಗ್ರೆಸ್‌ನಲ್ಲಿ ಕೆಲಸ ಮೂರು ಹೆಜ್ಜೆಯಲ್ಲಿ ನಡೆಯುತ್ತದೆ. ಪಾರ್ಸ್ ಹೆಜ್ಜೆಯಲ್ಲಿ ಹೇಳಿಕೆಯ ರಚನೆ ನಿಗದಿಯಾಗುತ್ತದೆ, ಬೈಂಡ್‌ನಲ್ಲಿ ಮೌಲ್ಯಗಳು ಬೇರೆ ಸಂದೇಶವಾಗಿ ಬರುತ್ತವೆ, ಎಕ್ಸಿಕ್ಯೂಟ್‌ನಲ್ಲಿ ಹೇಳಿಕೆ ನಡೆಯುತ್ತದೆ. ಮೌಲ್ಯ ಬರುವ ಹೊತ್ತಿಗೆ ರಚನೆ ಗಟ್ಟಿಯಾಗಿರುವುದರಿಂದ ಅದರೊಳಗಿನ ಚಿಹ್ನೆ ಆಜ್ಞೆಯಾಗಲು ಸಾಧ್ಯವಿಲ್ಲ. ಎಲ್ಲ ಡ್ರೈವರ್‌ಗಳೂ ಹೀಗೆ ಮಾಡುವುದಿಲ್ಲ ಎಂಬುದು ಬೇರೆ ಮಾತು. ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್, ನಾವು ಬೇರೆ ಹೇಳದಿದ್ದರೆ, ಚಿಹ್ನೆಗಳನ್ನು ತಾನೇ ಸರಿಪಡಿಸಿ ಪೂರ್ಣ ಹೇಳಿಕೆಯನ್ನೇ ಕಳುಹಿಸುತ್ತದೆ. ಆದರೂ ಕೈಯಾರೆ ಅಂಟಿಸುವುದಕ್ಕಿಂತ ಅದು ಎಷ್ಟೋ ವಾಸಿ.

ಚೌಕದ ಗುರುತು ಮಾತ್ರ ಊರಿಗೊಂದು ಬಗೆ. ಕ್ಯಾಮೆಲ್‌ನಲ್ಲಿ ? ಬದಲಿಗೆ # ಬರೆಯಬೇಕು, ಯಾಕೆಂದರೆ ಅಲ್ಲಿನ ವಿಳಾಸದ ಸಾಲಿನಲ್ಲಿ ಪ್ರಶ್ನಾರ್ಥಕಕ್ಕೆ ಬೇರೆ ಕೆಲಸವಿದೆ. ಹೆಸರಿಟ್ಟು ಕರೆಯುವುದಾದರೆ :#ಊರು ಎಂದು ಬರೆಯಬಹುದು. ಮ್ಯೂಲ್‌ನಲ್ಲಿ :ಊರು ಎಂದು ಬರೆದು ಮೌಲ್ಯಗಳನ್ನು ಇನ್‌ಪುಟ್ ಪ್ಯಾರಾಮೀಟರ್ ಎಂಬ ಪ್ರತ್ಯೇಕ ಜಾಗದಲ್ಲಿ ಕೊಡುತ್ತಾರೆ. ಡಬ್ಲ್ಯೂಎಸ್‌ಒ2ನ ಡಿಬಿ ಲುಕಪ್‌ನಲ್ಲಿ ? ಚಿಹ್ನೆಯೇ, ಅಲ್ಲಿ ಮೌಲ್ಯಗಳ ಅನುಕ್ರಮ ತಪ್ಪಬಾರದು, ಮತ್ತು ಅದು ಒಂದು ಸಾಲನ್ನಷ್ಟೇ ತಂದುಕೊಡುತ್ತದೆ. ಹೆಸರಿನ ಪ್ಯಾರಾಮೀಟರ್ ಸಿಗುವಲ್ಲಿ ಅದನ್ನೇ ಬಳಸುವುದು ಒಳ್ಳೆಯದು. ಹತ್ತು ಪ್ರಶ್ನಾರ್ಥಕಗಳಲ್ಲಿ ಏಳನೆಯದು ಫೋನ್ ಸಂಖ್ಯೆಯೋ ಪಿನ್‌ಕೋಡೋ ಎಂದು ಎಣಿಸುತ್ತಾ ಕೂರುವುದು ಯಾರಿಗೂ ಬೇಡ.

ಚೌಕದಲ್ಲಿ ಮೌಲ್ಯವನ್ನು ಮಾತ್ರ ಇಡಬಹುದು. ಟೇಬಲ್ ಹೆಸರು, ಕಾಲಂ ಹೆಸರು, ಆರ್ಡರ್ ಬೈ ನಂತರದ ಏರಿಕೆ ಇಳಿಕೆ ಇವನ್ನು ಇಡಲಾಗದು. ಅಂಥದ್ದು ಹೊರಗಿನಿಂದ ಬರಲೇಬೇಕಾದರೆ ಒಪ್ಪಿತ ಹೆಸರುಗಳ ಪಟ್ಟಿ ಇಟ್ಟು, ಅದರಲ್ಲಿ ಇದ್ದರೆ ಮಾತ್ರ ಬಳಸಬೇಕು. ಕಾಸರಗೋಡು, ಸೊಲ್ಲಾಪುರ, ಹೊಸೂರು ಈ ಮೂರೂ ಊರುಗಳ ಸದಸ್ಯರು ಬೇಕೆಂದರೆ ಮೂರು ಚೌಕಗಳು ಬೇಕು. ಕ್ಯಾಮೆಲ್‌ನಲ್ಲಿ :#in: ಎಂಬ ಗುರುತು (ಇದರ ನಡುವಿನದ್ದು 'ಇನ್' ಎಂಬ ಪದ) ಪಟ್ಟಿಯ ಉದ್ದಕ್ಕೆ ತಕ್ಕಂತೆ ಚೌಕಗಳನ್ನು ತಾನೇ ಮಾಡಿಕೊಳ್ಳುತ್ತದೆ. ಮೌಲ್ಯ ನಲ್ ಆಗಿದ್ದರೆ = ? ಎಂಬುದಕ್ಕೆ ಯಾವ ಸಾಲೂ ಸಿಗುವುದಿಲ್ಲ, ಅದಕ್ಕೆ ಈಸ್ ನಲ್ ಎಂದೇ ಬರೆಯಬೇಕು.

ಕನ್ನಡದಲ್ಲಿ ಮಾಹಿತಿ ಇಡುವವರಿಗೆ ಇನ್ನೊಂದು ಲಾಭವಿದೆ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ, ಯುಟಿಎಫ್-8 ಕೊಲೇಷನ್ ಇಲ್ಲದಿದ್ದರೆ, ಅಂಟಿಸಿದ ಕನ್ನಡ ಪಠ್ಯದ ಮುಂದೆ ಎನ್ ಅಕ್ಷರ ಹಾಕಲು ಮರೆತ ಕೂಡಲೇ ಹೆಸರೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ. ಹಾಗೆ ಹೋದ ಅಕ್ಷರ ಮರಳಿ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಜಾವಾ ಡ್ರೈವರ್ ಪ್ಯಾರಾಮೀಟರ್ ಆಗಿ ಕೊಟ್ಟ ಪಠ್ಯವನ್ನು ಯೂನಿಕೋಡ್ ಆಗಿಯೇ ಕಳುಹಿಸುತ್ತದೆ. ಕಾಲಂ ಕೂಡ ಎನ್‌ವಾರ್‌ಚಾರ್ ಆಗಿದ್ದರೆ ಸಾಕು.

ಇಂಟಿಗ್ರೇಷನ್ ಕೆಲಸದಲ್ಲಿ ಬಹಳ ಮಂದಿ ಎಡವುವುದು 'ಇದು ನಮ್ಮದೇ ಒಳಗಿನ ವ್ಯವಸ್ಥೆಯಿಂದ ಬಂದದ್ದು' ಎಂಬ ನಂಬಿಕೆಯಲ್ಲಿ. ಮೊದಲ ಸೇವೆ ಆ ದುಷ್ಟ ಹೆಸರನ್ನು ಪ್ಯಾರಾಮೀಟರ್ ಮೂಲಕ ಸರಿಯಾಗಿಯೇ ಉಳಿಸಿರುತ್ತದೆ. ರಾತ್ರಿ ವರದಿ ತಯಾರಿಸುವ ಎರಡನೆಯ ಸೇವೆ ಅದನ್ನು ಓದಿ ತನ್ನ ಹೇಳಿಕೆಗೆ ಅಂಟಿಸಿದರೆ ಇಂಜೆಕ್ಷನ್ ಆಗುವುದು ಅಲ್ಲಿ. ಹಾಗಾಗಿ ಮಾಹಿತಿ ಎಲ್ಲಿಂದಲೇ ಬರಲಿ, ಪ್ರತಿ ಮೆಟ್ಟಿಲಲ್ಲೂ ಚೌಕವೇ ಬೇಕು. ಕ್ಯಾಮೆಲ್‌ನಲ್ಲಿ ಇಡೀ ಹೇಳಿಕೆಯನ್ನೇ ಸಂದೇಶದ ಹೆಡರ್‌ನಿಂದ ತೆಗೆದುಕೊಳ್ಳುವ ಸೌಲಭ್ಯವೂ ಇದೆ. ಹೊರಗಿನವರು ಕಳುಹಿಸಿದ ಹೆಡರ್ ಅಲ್ಲಿಗೆ ತಲುಪದಂತೆ ನೋಡಿಕೊಳ್ಳದಿದ್ದರೆ ಪ್ಯಾರಾಮೀಟರ್ ಇದ್ದೂ ಪ್ರಯೋಜನವಿಲ್ಲ.

ನೆಟ್‌ವರ್ಕ್ ಕೈಕೊಟ್ಟಾಗ ಈ ಸೇವೆಗಳು ಅದೇ ಸಂದೇಶವನ್ನು ಮತ್ತೆ ಕಳುಹಿಸುವುದುಂಟು. ಆಗ ಒಬ್ಬರೇ ಸದಸ್ಯರು ಎರಡು ಸಲ ಸೇರುತ್ತಾರೆ. ಸಂದೇಶದ ಗುರುತಿನ ಸಂಖ್ಯೆಯನ್ನೂ ಒಂದು ಪ್ಯಾರಾಮೀಟರ್ ಮಾಡಿ, ಆ ಕಾಲಂಗೆ ಯುನೀಕ್ ನಿಬಂಧನೆ ಹಾಕಿ, ಪೋಸ್ಟ್‌ಗ್ರೆಸ್ 9.5ರಿಂದ ಇರುವ ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್ ಸೇರಿಸಿದರೆ ಎರಡನೆಯದು ಸುಮ್ಮನೆ ಬಿಟ್ಟುಹೋಗುತ್ತದೆ.

ಸೇವೆಗೆ ಕೊಡುವ ಡೇಟಾಬೇಸ್ ಖಾತೆಗೆ ಬೇಕಾದಷ್ಟೇ ಅಧಿಕಾರ ಇರಲಿ; ಸದಸ್ಯರನ್ನು ಸೇರಿಸುವ ಖಾತೆಗೆ ಟೇಬಲ್ ಅಳಿಸುವ ಹಕ್ಕು ಯಾಕೆ? ಲಾಗ್ ಕಡತವನ್ನೂ ಒಮ್ಮೆ ತೆರೆದು ನೋಡಿ. ದೋಷ ಹುಡುಕಲೆಂದು ಡೀಬಗ್ ಹಂತ ಹಾಕಿ ತೆಗೆಯಲು ಮರೆತಿದ್ದರೆ, ಚೌಕದೊಳಗೆ ಜೋಪಾನವಾಗಿ ಇಟ್ಟ ಫೋನ್ ಸಂಖ್ಯೆ, ವಿಳಾಸಗಳೆಲ್ಲ ಅಲ್ಲಿ ಸಾಲುಸಾಲಾಗಿ ಬಿದ್ದಿರಬಹುದು.